ನನ್ನ ಬಾಯಿಂದ ಬಂದ ‘ಇಲ್ಲ’

ಹೋದ ವಾರ ಇಲ್ಲಿ ಜಪಾನಿನ ನಾಂಬು ಲೈನ್ ರೈಲಿನಲ್ಲಿ ಪಕ್ಕಕ್ಕೆ ಕೂತಿದ್ದ ಅಜ್ಜ ಕುತ್ತಿಗೆಗೆ ನೋವಿನ ಪಟ್ಟಿ ಅಂಟಿಸಿಕೊಂಡಿದ್ದರು. ಕರ್ಪೂರಕ್ಕೆ ಪುದೀನ ಕಲಸಿದಂಥ ವಾಸನೆ. ಎದುರಿನ ಹುಡುಗಿ ಮೆಲ್ಲಗೆ ಎದ್ದು ದೂರ ಹೋಗಿ ನಿಂತಳು. ನಾನು ಮಾತ್ರ ಇಳಿಯಬೇಕಾದ ಸ್ಟೇಷನ್ ದಾಟಿಹೋದರೂ ಕೂತೇ ಇದ್ದೆ. ಆ ವಾಸನೆ ನನ್ನ ಪಾಲಿಗೆ ಒಬ್ಬನೇ ಒಬ್ಬ ಮನುಷ್ಯನದು...

ಆತ ನಮ್ಮ ಕಂಪನಿಯ ಅಮೆರಿಕನ್ ಫುಟ್‌ಬಾಲ್ ತಂಡದ ಆಟಗಾರ. ಜಪಾನಿನಲ್ಲಿ ಕಂಪನಿಗಳು ಇಂಥ ತಂಡಗಳನ್ನೂ ಸಾಕುತ್ತವೆ ಎಂಬುದು ಮೈಸೂರಿನಿಂದ ಬಂದ ನನಗೆ ಗೊತ್ತೇ ಇರಲಿಲ್ಲ. ಕಾವಾಸಾಕಿಯ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡು ತೆಪ್ಪಗಿದ್ದವನನ್ನು, ಜಪಾನೀಸ್ ಓದಿಕೊಂಡಿದ್ದೇನೆ ಎಂಬ ಒಂದೇ ಅಪರಾಧಕ್ಕೆ, ಆತನ ದುಭಾಷಿಯನ್ನಾಗಿ ಮಾಡಿದರು. ಅಮೆರಿಕದವನ ಮಾತನ್ನು ಜಪಾನಿನವರಿಗೆ ಮೈಸೂರಿನವನು ತಿಳಿಸಿಹೇಳಬೇಕು! ನನ್ನ ಹೆಂಡತಿ ವಾರವೆಲ್ಲ ನಕ್ಕಳು. “ರೀ, ನಿಮಗೆ ಫುಟ್‌ಬಾಲ್ ಅಂದ್ರೆ ಕಾಲಲ್ಲಿ ಒದೆಯೋದು ಅಂತ ಮಾತ್ರ ಗೊತ್ತು. ಅದೇನ್ ಟ್ರಾನ್ಸ್‌ಲೇಟ್ ಮಾಡ್ತೀರೋ ದೇವರೇ ಬಲ್ಲ!”

ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಆಟವನ್ನು ನನಗೆ ಕಲಿಸಿದ್ದೂ ಆತನೇ. ಆತನ ಜಾಗ ಡಿಫೆನ್ಸಿವ್ ಬ್ಯಾಕ್. ಎದುರು ತಂಡದವನು ಚೆಂಡು ಹಿಡಿಯಲು ಜೀವ ಬಿಟ್ಟು ಓಡಿಬರುತ್ತಾನೆ. ಇವನು ಅವನಿಗೆ ಮುಖಮಾಡಿಯೇ ಹಿಂದಕ್ಕೆ ಓಡಬೇಕು, ಅವನು ತಿರುಗಿದತ್ತ ತಿರುಗಬೇಕು, ಚೆಂಡು ಸಿಗದಂತೆ ನೋಡಿಕೊಳ್ಳಬೇಕು, ಸಿಕ್ಕೇಬಿಟ್ಟರೆ ಗುದ್ದಿ ಕೆಡವಬೇಕು. ಬೆಳಿಗ್ಗೆ ತಾಮಾ ನದಿಯ ದಂಡೆಯಲ್ಲಿ ಆತ ಹಿಮ್ಮುಖವಾಗಿ ಓಡುವಾಗ, ನಾಯಿ ಹಿಡಿದು ಬಂದ ಮುದುಕರು ದಾರಿ ಬಿಟ್ಟು ನಿಂತು ತಲೆಬಾಗುತ್ತಿದ್ದರು. ಆತ ಓಡುತ್ತಲೇ ಅವರಿಗೆ ತಲೆಬಾಗುತ್ತಿದ್ದ. “ಮುಖ ನೋಡ್ಬೇಡ, ಮುಖ ಮೋಸ ಮಾಡುತ್ತೆ. ಸೊಂಟ ನೋಡು. ಸೊಂಟ ಎತ್ತಲೋ ಮನುಷ್ಯ ಅತ್ತ” ಎಂದು ನನಗೆ ಹೇಳಿಕೊಟ್ಟಿದ್ದ. ಕಾವಾಸಾಕಿ ಸ್ಟೇಷನ್ನಿನ ಜನಜಂಗುಳಿಯಲ್ಲಿ ನಾನು ಇವತ್ತಿಗೂ ಹಾಗೇ ನಡೆಯುವುದು.

ಅಮೆರಿಕದ ದಕ್ಷಿಣದ ಯಾವುದೋ ಸಣ್ಣ ಊರು ಆತನದು. ತಾಯಿ ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ಸಾಕಿದ್ದರು. ಕಾಲೇಜು ತಂಡದಲ್ಲಿ ಹೆಸರು ಮಾಡಿದ. ಆಮೇಲೆ ದೊಡ್ಡ ಲೀಗಿನಲ್ಲಿ ಐದು ತಂಡ ಸೇರಿದ, ಐದೂ ಕಡೆ ಹೊರಬಿದ್ದ. ಹೊರಹಾಕುವ ಪದ್ಧತಿಯನ್ನು ನಟಿಸಿ ತೋರಿಸುತ್ತಿದ್ದ. “ಬೆಳಿಗ್ಗೆ ಒಬ್ಬ ಬಂದು ಬಾಗಿಲು ತಟ್ತಾನೆ. ಕೋಚ್ ಕರೀತಿದ್ದಾರೆ, ತಂಡ ಕೊಟ್ಟಿರೋ ಆಟದ ಪುಸ್ತಕ ವಾಪಸ್ ತಗೊಂಡು ಬಾ ಅಂತಾನೆ. ಪುಸ್ತಕ ಅಂದ್ನೋ, ಮುಗೀತು.” ಆಡಿದ ಪಂದ್ಯಗಳಿಗಿಂತ ಬಾಗಿಲು ತಟ್ಟಿಸಿಕೊಂಡದ್ದೇ ಹೆಚ್ಚು ಎಂದು ನಗುತ್ತಿದ್ದ. ಕೆನಡಾದಲ್ಲಿ ಒಂದು ವರ್ಷ ಆಡಿ ಜಪಾನಿಗೆ ಬಂದವನ ಬಾಗಿಲನ್ನು ಇಲ್ಲಿ ಆರು ವರ್ಷ ಯಾರೂ ತಟ್ಟಿರಲಿಲ್ಲ. ವಯಸ್ಸು ಮೂವತ್ತನಾಲ್ಕು. ಆಟ ನಿಂತ ಮೇಲೂ ಇಲ್ಲೇ ಕೋಚ್ ಆಗಿ ಉಳಿಯಬೇಕು ಎಂಬುದೊಂದೇ ಆತನ ಆಸೆ. ಅದನ್ನು ಬಾಯಿಬಿಟ್ಟು ಕೇಳುವ ಧೈರ್ಯ ಮಾತ್ರ ಇರಲಿಲ್ಲ.

ಆ ಬೇಸಿಗೆಯಲ್ಲಿ ಒಮ್ಮೆ ರೈಲಿನಲ್ಲಿ ಬರುವಾಗ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಾ ಕೂತಿದ್ದ. ಬೆರಳುಗಳು ಜೋಮು ಹಿಡಿದಿವೆ, ಎರಡು ತಿಂಗಳಾಯಿತು, ಗುದ್ದಿದಾಗಲೆಲ್ಲ ಕುತ್ತಿಗೆಯಿಂದ ಬೆರಳಿನವರೆಗೆ ಕರೆಂಟ್ ಹೊಡೆದಂತಾಗುತ್ತದೆ ಎಂದ. ಆಮೇಲೆ ನನ್ನ ಕಡೆ ತಿರುಗಿ, “ಯಾರಿಗೂ ಹೇಳ್ಬೇಡ. ಆಡಕ್ಕಾಗಲ್ಲ ಅಂತ ಗೊತ್ತಾದ್ರೆ ಊರಿಗೆ ಕಳಿಸಿಬಿಡ್ತಾರೆ” ಎಂದ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಸೀಸನ್ನಿಗೆ ಮುಂಚೆ ಎಲ್ಲ ಆಟಗಾರರಿಗೂ ಆಸ್ಪತ್ರೆಯಲ್ಲಿ ತಪಾಸಣೆ ಇರುತ್ತದೆ. ಆತನ ಸರದಿಯ ಹಿಂದಿನ ದಿನ ಹೆಡ್ ಕೋಚ್ ನನ್ನನ್ನು ಕಾಫಿ ಮೆಷಿನ್ ಹತ್ತಿರ ಕರೆದು ಒಂದು ಕವರ್ ಕೊಟ್ಟರು. ಒಳಗಿದ್ದದ್ದು ಒಪ್ಪಂದದ ಕರಡು. ಮುಂದಿನ ವರ್ಷದಿಂದ ಆತ ಡಿಫೆನ್ಸ್ ಕೋಚ್. ಆಡಿದರೂ ಸರಿ, ಆಡದಿದ್ದರೂ ಸರಿ. ಇಂಗ್ಲಿಷಿಗೆ ಮಾಡಿಕೊಡಿ ಎಂದರು. ನನ್ನ ಮುಖ ಅರಳಿದ್ದನ್ನು ನೋಡಿ ಕೂಡಲೇ ದನಿ ತಗ್ಗಿಸಿದರು. “ಮೇಲಿನವರ ಒಪ್ಪಿಗೆಯ ಮುದ್ರೆಗಳು ಇನ್ನೂ ಬಿದ್ದಿಲ್ಲ. ಅಲ್ಲಿಯವರೆಗೆ ನಿಮ್ಮ ಗೆಳೆಯನಿಗೆ ತಿಳಿಯಬಾರದು. ಆಸೆ ಹುಟ್ಟಿಸಿ ಆಮೇಲೆ ಇಲ್ಲ ಎಂದರೆ ಅನ್ಯಾಯವಾಗುತ್ತದೆ. ದಯವಿಟ್ಟು.” ಅವರಿಗೂ ಮಾತು ಕೊಟ್ಟೆ. ಈ ದೇಶದಲ್ಲಿ ಮುದ್ರೆ ಬೀಳುವ ಮುಂಚೆ ಬಾಯಿಬಿಡುವವನನ್ನು ಯಾರೂ ನಂಬುವುದಿಲ್ಲ. ನನಗೆ ನಂಬಿಕಸ್ಥ ಅನ್ನಿಸಿಕೊಳ್ಳುವ ಚಪಲವೂ ಇತ್ತು, ಸುಳ್ಳೇಕೆ ಹೇಳಲಿ...

ಮರುದಿನ ಕುತ್ತಿಗೆಯ ಸ್ಕ್ಯಾನ್ ಮುಗಿಸಿ ಬಟ್ಟೆ ಬದಲಿಸುವ ಕೋಣೆಯಿಂದ ಆತ ನನ್ನನ್ನು ಕರೆದ. ಅಂಗಿಯ ಗುಂಡಿ ಹಾಕಿಕೊಳ್ಳಲು ಎಡಗೈ ಬರುತ್ತಿರಲಿಲ್ಲ. ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು ನಾನೇ ಹಾಕಿದೆ. ಬಾಗಿಲಷ್ಟಗಲದ ಎದೆ, ಅದರ ಮೇಲೆ ಆ ನೋವಿನ ಪಟ್ಟಿಯ ವಾಸನೆ. ಆತ ಮಗುವಿನಂತೆ ಗಲ್ಲ ಎತ್ತಿ ನಿಂತಿದ್ದ. ಕರಡು ನನ್ನ ಬ್ಯಾಗಿನಲ್ಲೇ ಇತ್ತು. ಹೇಳಿಬಿಡಲೇ ಎಂದು ಬಾಯಿವರೆಗೂ ಬಂತು. ಅಷ್ಟರಲ್ಲಿ ನರ್ಸ್ ಹೆಸರು ಕೂಗಿದರು.

ಡಾಕ್ಟರ್ ಚಿತ್ರ ತೋರಿಸಿ, ಕುತ್ತಿಗೆಯಲ್ಲಿ ನರ ಹಾದುಹೋಗುವ ದಾರಿ ಕಿರಿದಾಗಿದೆ, ತೊಂದರೆ ಏನೂ ಕಾಣಿಸದಿದ್ದರೆ ಆಡಬಹುದು ಎಂದರು. ಆಮೇಲೆ ಕೇಳಿದರು: ಕೈಯಲ್ಲಿ ಜೋಮು ಇದೆಯೇ? ನಾನು ಇಂಗ್ಲಿಷಿನಲ್ಲಿ ಕೇಳಿದೆ. ಆತ ನನ್ನನ್ನೇ ನೋಡುತ್ತಾ ಇಲ್ಲ ಎಂದ. ದುಭಾಷಿಗೆ ಕಲಿಸುವ ಮೊದಲ ಪಾಠವೆಂದರೆ, ಏನೂ ಸೇರಿಸಬಾರದು, ಏನೂ ಬಿಡಬಾರದು, ‘ನಾನು’ ಎಂದೇ ಹೇಳಬೇಕು. “ನನಗೆ ಜೋಮು ಇಲ್ಲ” ಎಂದು ಜಪಾನೀಸಿನಲ್ಲಿ ಸ್ಪಷ್ಟವಾಗಿ, ವ್ಯಾಕರಣಶುದ್ಧವಾಗಿ ಹೇಳಿದೆ. ಡಾಕ್ಟರ್ ಸಹಿ ಹಾಕಿದರು.

ಮೂರನೇ ಪಂದ್ಯ, ಭಾನುವಾರ ಮಧ್ಯಾಹ್ನ. ಚೆಂಡು ಹಿಡಿದವನನ್ನು ಆತ ಗುದ್ದಿ ಕೆಡವಿದ. ಬಿದ್ದವನು ಎದ್ದ. ಆತ ಏಳಲಿಲ್ಲ. ಮೈದಾನಕ್ಕೆ ಓಡಿದ ವೈದ್ಯರ ಹಿಂದೆ ನಾನೂ ಓಡಿದೆ. ಬೆರಳು ಆಡಿಸಿ ಎಂದು ಅವರು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ, ಮತ್ತೆ ಹೇಳಿದೆ, ಕೂಗಿ ಹೇಳಿದೆ. ಆತ ಆಕಾಶ ನೋಡುತ್ತಿದ್ದ. ಭಾಷೆ ಗೊತ್ತಿದ್ದರೆ ಏನು ಬಂತು...

ಶಸ್ತ್ರಚಿಕಿತ್ಸೆಯಾಯಿತು. ಕಾಲುಗಳು ಸ್ವಾಧೀನಕ್ಕೆ ಬಂದವು, ಬಲಗೈ ಬಂತು. ಎಡಗೈ ಬರಲಿಲ್ಲ. ಹದಿನೆಂಟನೇ ದಿನ ಹೆಡ್ ಕೋಚ್ ಕಪ್ಪು ಸೂಟು ತೊಟ್ಟು ಆಸ್ಪತ್ರೆಗೆ ಬಂದರು. ಮುದ್ರೆಗಳೆಲ್ಲ ಬಿದ್ದಿದ್ದವು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ನಡು ಬಗ್ಗಿಸಿ ವಂದಿಸಿ, ನಿಂತೇ ಮಾತಾಡಿದರು. ನಾನು ಹೇಳುತ್ತಾ ಹೋದೆ. “ನಿಮ್ಮನ್ನು ನಮ್ಮ ಕೋಚ್ ಆಗಿ ಬರಮಾಡಿಕೊಳ್ಳುತ್ತೇವೆ. ಗಾಯವಾಯಿತೆಂಬ ಕನಿಕರದಿಂದ ಅಲ್ಲ. ಸೀಸನ್ನಿಗೆ ಮೊದಲೇ ನಾನು ಇದನ್ನು ನಿರ್ಧರಿಸಿದ್ದೆ.” ಕೊನೆಯ ವಾಕ್ಯವನ್ನೂ ಬಿಡದೆ ಹೇಳಿದೆ.

ಆತ ಕೋಚ್ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡಿದ.

“ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಯಾವಾಗಿಂದ?”

“ಸ್ಕ್ಯಾನಿನ ಹಿಂದಿನ ದಿನದಿಂದ.”

ಆತ ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆನೇನೋ. ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಕಣ್ಣಿಂದ ನೀರು ಇಳಿದು ಕಿವಿಯ ಹತ್ತಿರ ಹೋಗುತ್ತಿತ್ತು. ಕೋಚ್ ಗಾಬರಿಯಾಗಿ ನನ್ನನ್ನು ಕೇಳಿದರು, “ಏನು ಹೇಳಿದರು?”

“ಧನ್ಯವಾದ ಹೇಳುತ್ತಿದ್ದಾರೆ” ಎಂದೆ. ಕೋಚ್ ಅವರ ಕಣ್ಣೂ ತುಂಬಿತು. ಮತ್ತೊಮ್ಮೆ ನಡು ಬಗ್ಗಿಸಿ ವಂದಿಸಿದರು.

ಆತ ಕಾಗದಕ್ಕೆ ಸಹಿ ಹಾಕಲಿಲ್ಲ. ಚಳಿಗಾಲ ಮುಗಿಯುವ ಮುಂಚೆ ತಾಯಿಯ ಹತ್ತಿರ ಹೊರಟುಹೋದ. ನಾನು ಬರೆದ ಯಾವ ಮೆಸೇಜಿಗೂ ಉತ್ತರ ಬರಲಿಲ್ಲ, ಆಮೇಲೆ ನಂಬರೂ ಸತ್ತಿತು. ಮೊದಲು ನೆನಪಾದರೆ ನನ್ನ ಪರವಾಗಿ ವಾದ ಮಾಡಿಕೊಳ್ಳುತ್ತಿದ್ದೆ. ಇಬ್ಬರಿಗೂ ಕೊಟ್ಟ ಮಾತು ಉಳಿಸಿಕೊಂಡೆನಲ್ಲ, ನನ್ನದೇನು ತಪ್ಪು ಎಂದು. ಈಗ ಆ ವಾದವೂ ನಡೆಯುವುದಿಲ್ಲ. ಎರಡರಲ್ಲಿ ಯಾವುದಾದರೂ ಒಂದು ಮಾತಿಗೆ ನಾನು ತಪ್ಪಿದ್ದರೂ ಸಾಕಿತ್ತು. ಹಾಗೆ ಗೊತ್ತಾಗಿ ಈಗ ಏನು ಮಾಡಲಿ, ಎಲ್ಲಿಗೆ ಹೋಗಿ ಯಾರಿಗೆ ಹೇಳಲಿ...

ಹೆಡ್ ಕೋಚ್ ನಿವೃತ್ತರಾಗಿದ್ದಾರೆ. ಸ್ಟೇಷನ್ ಹತ್ತಿರ ಆಗಾಗ ಸಿಗುತ್ತಾರೆ. ಸಿಕ್ಕಾಗಲೆಲ್ಲ ಕೊನೆಗೆ ಅದೇ ಪ್ರಶ್ನೆ. “ಅಷ್ಟು ಸಂತೋಷಪಟ್ಟು ಧನ್ಯವಾದ ಹೇಳಿದವರು ಯಾಕೆ ಬಿಟ್ಟುಹೋದರು? ನಾನೇನಾದರೂ ತಪ್ಪು ಮಾಡಿದೆನೇ?”

ಹೋದ ವಾರವೂ ಕೇಳಿದರು. ಗೊತ್ತಿಲ್ಲ ಎಂದೆ.