ಓನ್ ಅಲ್ಲ

ನಮ್ಮ ಬೀದಿಯ ಮನೆ ಬ್ರೋಕರನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ‘ಓನ್’ ಎಂಬ ಒಂದು ಮಾತು ಇಲ್ಲದಿದ್ದರೆ ಅವನ ಬಾಯಿಯೇ ಕಟ್ಟಿಹೋಗುತ್ತಿತ್ತು. ಓನ್ ಮೀಟರ್, ಓನ್ ಬೋರ್‌ವೆಲ್, ಮಹಡಿಗೆ ಓನ್ ಮೆಟ್ಟಿಲು. ಗಿರಾಕಿ ಸಿಕ್ಕ ಕೂಡಲೇ ಮೊದಲ ಪ್ರಶ್ನೆ: “ಈಗ ಇರೋದು ಓನಾ, ಬಾಡಿಗೆನಾ?” ಬೀದಿಯವರು ಸುಮ್ಮನಿರುತ್ತಾರೆಯೇ? ಓನಪ್ಪ ಎಂದು ಹೆಸರಿಟ್ಟು ಕೈತೊಳೆದುಕೊಂಡಿದ್ದರು.

ಈ ಮಾತು ಮನೆಗಳನ್ನು ಬಿಟ್ಟು ಮನುಷ್ಯರ ಮೇಲೂ ಹತ್ತಿ ಕೂತಿದೆ. ಇವನು ನನ್ನ ತಮ್ಮ ಅಂದರೆ ಸಾಲದು, “ಓನಾ, ಕಸಿನ್ನಾ?” ಎಂದು ಎದುರಿನವರು ಕೇಳಲೇಬೇಕು. ಅಕ್ಕ ಅನ್ನುವ ಮಾತಿಗೆ ಈಗ ಪುರಾವೆ ಬೇಕಾಗಿದೆ.

ಓನಪ್ಪನಿಗೆ ಇದ್ದವಳು ಒಬ್ಬಳೇ ಅಕ್ಕ, ಅಪ್ಪನ ಮೊದಲ ಹೆಂಡತಿಯ ಮಗಳು. ಇವನು ಹಸುಗೂಸಾಗಿದ್ದಾಗಲೇ ಇವನ ತಾಯಿ ತೀರಿಕೊಂಡಳು. ಅಪ್ಪ ಇದ್ದೂ ಇಲ್ಲದವನು. ಹುಡುಗಿ ಶಾಲೆ ಬಿಟ್ಟು ಮಗುವನ್ನು ಕಂಕುಳಿಗೆ ಏರಿಸಿಕೊಂಡಳು. ಈಗಲೂ ಇಬ್ಬರೂ ಇರುವುದು ಒಂದೇ ಮನೆಯಲ್ಲಿ. ಮುಂದೆ ಕೋಣೆ, ಹಿಂದೆ ಅಡುಗೆಮನೆ, ಅದೂ ಬಾಡಿಗೆಯದು. ಅಕ್ಕ ಬಹುಮಹಡಿ ಕಟ್ಟಡಗಳ ಮೆಟ್ಟಿಲು ಒರೆಸುತ್ತಾಳೆ. ತಮ್ಮ ಅವಳೇ ಇಸ್ತ್ರಿ ಮಾಡಿಕೊಟ್ಟ ಶರಟು ತೊಟ್ಟು ಅದೇ ಮೆಟ್ಟಿಲು ಹತ್ತಿ ಮನೆ ತೋರಿಸುತ್ತಾನೆ.

ಆ ದಿನ ಅವನ ಜೊತೆ ಬ್ಯಾಂಕಿನ ಮೇಡಂ ಒಬ್ಬರಿದ್ದರು. ಮೂರನೇ ಮಹಡಿಯ ಮನೆ ನೋಡಬೇಕಿತ್ತು. ಎರಡನೇ ಮಹಡಿಯ ತಿರುವಿನಲ್ಲಿ ಅಕ್ಕ, ಬಕೆಟ್ಟು, ಒದ್ದೆ ಬಟ್ಟೆ.

“ಬಂದ್ಯೇನೋ ಮರಿ? ತಿಂಡಿ ಮುಟ್ಟದೇ ಓಡಿದ್ಯಲ್ಲ, ಹೊಟ್ಟೆ ಗತಿ ಏನೋ?” ಎಂದಳು.

ಮೇಡಂ ಸೀರೆಯ ನೆರಿಗೆ ಎತ್ತಿಕೊಂಡು ನಕ್ಕರು. “ನಿಮ್ಮ ಅಕ್ಕನಾ? ಓನಾ?”

ಹೂಂ ಅನ್ನುವುದಕ್ಕೆ ಇವನ ಗಂಟೇನು ಹೋಗುತ್ತಿತ್ತು? ಆದರೆ ಮೇಡಂ ಕಣ್ಣು ಬಕೆಟ್ಟಿನ ಕೊಳೆನೀರಿನ ಮೇಲಿತ್ತು.

“ಅಯ್ಯೋ, ಓನ್ ಅಲ್ಲ ಮೇಡಂ. ಸುಮ್ನೆ ಹಾಗೆ ಅಕ್ಕ ಅಂತೀವಿ.”

ಅಕ್ಕ ಬಕೆಟ್ಟನ್ನು ಗೋಡೆಗೆ ಸರಿಸಿ ದಾರಿ ಬಿಟ್ಟಳು. ಹೇಳಿದ್ದು ಸುಳ್ಳಲ್ಲವಲ್ಲ, ತಾಯಿ ಬೇರೆ ತಾನೆ ಎಂದು ಅವನು ತನ್ನ ಪರವಾಗಿ ತಾನೇ ವಾದಿಸಿಕೊಂಡ. ಕಿವಿ ಮಾತ್ರ ಬಿಸಿಯಾಗಿತ್ತು. ಮೇಲೆ ಹೋಗಿ ಬಾಲ್ಕನಿ ತೋರಿಸುವಾಗ ‘ಓನ್ ಬಾಲ್ಕನಿ’ ಅನ್ನಲು ಹೋಗಿ ಬರೀ ‘ಬಾಲ್ಕನಿ’ ಅಂದ.

ಸಂಜೆ ಅಕ್ಕ ಎಂದಿನಂತೆ ತಟ್ಟೆ ಹಾಕಿದಳು.

“ಆ ಅಮ್ಮ ಮನೆ ಒಪ್ಕೊಂಡ್ರಾ?”

“ಹೂಂ.”

“ಒಳ್ಳೇದಾಯ್ತು ಬಿಡು.” ಇನ್ನೊಂದು ಸೌಟು ಬಡಿಸಿ ಕೇಳಿದಳು, “ಅಲ್ವೋ, ಓನ್ ಅಲ್ಲ ಅಂದ್ರೆ ಬಾಡಿಗೆ ಅಂತ ತಾನೇ?”

ಅವಳ ಇಂಗ್ಲಿಷೆಲ್ಲ ಇವನ ಫೋನ್ ಮಾತಿನಿಂದ ಹೆಕ್ಕಿಕೊಂಡದ್ದು. ಚುಚ್ಚಬೇಕೆಂದು ಕೇಳಿದ್ದಲ್ಲ, ತಿಳಿಯದೆ ಕೇಳಿದ್ದಳು.

“ಅದು ಮನೆಗೆ ಕಣಕ್ಕಾ.”

“ಮನುಷ್ಯರಿಗೆ?”

ಅಕ್ಕ ಬೈದುಬಿಡಬಾರದೇ, ತಟ್ಟೆ ಕಿತ್ತುಕೊಳ್ಳಬಾರದೇ ಎಂದು ಅವನಿಗೆ ಅನ್ನಿಸಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

“ಹೋಗ್ಲಿ, ತಣ್ಣಗಾಗುತ್ತೆ, ಉಣ್ಣು,” ಎಂದಳು ಅಕ್ಕ.

ಮೇಡಂ ಬೀಗದ ಕೈ ಪಡೆಯಲು ಬರುವ ದಿನದವರೆಗೂ ಅವನಿಗೆ ಒಂದೇ ಚಿಂತೆ: ಹೇಳಿಬಿಡಬೇಕು, ಅಕ್ಕನ ಎದುರಿಗೇ ಹೇಳಬೇಕು. ಅವರು ಬಂದರು. ಅಕ್ಕ ಕೆಳಗಿನ ಮೆಟ್ಟಿಲುಗಳಲ್ಲೇ ಇದ್ದಳು. ಅವನು ಅಲ್ಲೇ ನಿಂತುಬಿಟ್ಟ.

“ಮೇಡಂ, ಅವತ್ತು ನಾನು ತಪ್ಪು ಹೇಳ್ದೆ. ಇವಳು ನಮ್ಮಕ್ಕ. ಓನ್ ಅಕ್ಕ.” ದನಿ ಅವನಿಗೆ ಅರಿವಿಲ್ಲದೆ ಏರಿತ್ತು. ಮೇಲಿನ ಯಾವುದೋ ಬಾಗಿಲು ತೆರೆದ ಸದ್ದಾಯಿತು.

ಮೇಡಂ ಇವನ ಮುಖ ನೋಡಿದರು, ಅವಳ ಮುಖ ನೋಡಿದರು. ಅಕ್ಕ ಬಟ್ಟೆ ಹಿಂಡುತ್ತಿದ್ದವಳು ಇವನ ಇಸ್ತ್ರಿ ಶರಟು ನೋಡಿದಳು, ಆಮೇಲೆ ತನ್ನ ಒದ್ದೆ ಕೈ ನೋಡಿಕೊಂಡಳು. ಗಾಬರಿಯಿಂದ ಎದ್ದು ನಿಂತು ನಕ್ಕಳು.

“ಇಲ್ಲಮ್ಮ, ಅವರು ತಮಾಷೆಗೆ ಹೇಳ್ತಾರೆ. ನಾವು ಸುಮ್ನೆ ಪರಿಚಯದೋರು.”

“ಅಕ್ಕಾ!” ಎಂದ ಅವನು.

ಅವಳ ಕಣ್ಣಲ್ಲಿ ಮುನಿಸಿನ ಸುಳಿವಿರಲಿಲ್ಲ. ಮುನಿಸಿದ್ದರೆ ಕಾಲು ಹಿಡಿದಾದರೂ ಅವನು ಬದುಕಿಕೊಳ್ಳುತ್ತಿದ್ದ. ತಮ್ಮನ ಮರ್ಯಾದೆ ಉಳಿಸುತ್ತಿದ್ದೇನೆ ಎಂದೇ ಅವಳು ನಂಬಿದ್ದಳು. ಅವನಿಗೆ ತೊಂದರೆಯಾಗದಂತೆ ಗೋಡೆಗೆ ಒತ್ತಿ ನಿಂತು ಹೇಳಿದಳು:

“ನಿಧಾನಕ್ಕೆ ಹತ್ತಿ ಸಾರ್. ಮೆಟ್ಟಿಲು ಒದ್ದೆ ಇದೆ.”