ತಾರೀಖು ಖಾಲಿ ಬಿಟ್ಟ ಶ್ರದ್ಧಾಂಜಲಿ

ನನಗೆ ಶ್ರದ್ಧಾಂಜಲಿ ಸಲ್ಲಿಸುವ ಫ್ಲೆಕ್ಸನ್ನು ನಮ್ಮ ಪಟ್ಟಣದ ಬಸ್ ಸ್ಟ್ಯಾಂಡ್ ಎದುರು ಕಟ್ಟಿದ ಬೆಳಿಗ್ಗೆ ನಾನು ಮನೆಯಲ್ಲಿ ಇಡ್ಲಿಗೆ ಚಟ್ನಿ ರುಬ್ಬುತ್ತಿದ್ದೆ. ಹಾಲು ತರಲು ಹೋಗಿದ್ದ ನನ್ನ ಗಂಡ ಹಾಲಿಲ್ಲದೆ ವಾಪಸು ಬಂದು, ಮಿಕ್ಸಿ ಆಫ್ ಮಾಡಿ, ಮೊಬೈಲಿನಲ್ಲಿ ತೆಗೆದಿದ್ದ ಫೋಟೊ ತೋರಿಸಿದರು. ಎರಡು ಕಡೆ ಎರಡು ದೀಪ, ನಡುವೆ ನಾನು. ಹಿಂದಿನ ವರ್ಷ ಪತ್ರಿಕಾ ದಿನಾಚರಣೆಯಲ್ಲಿ ಶಾಲು ಹೊದಿಸಿ ಸನ್ಮಾನ ಮಾಡಿದ್ದರು, ಆ ಫೋಟೊ. ಶಾಲು ಹಾಗೇ ಇತ್ತು, ಮೇಲೆ ಒಂದು ಹೂವಿನ ಹಾರ ಸೇರಿಸಿದ್ದರು. ‘ಭಾವಪೂರ್ಣ ಶ್ರದ್ಧಾಂಜಲಿ. ಮತ್ತೆ ಹುಟ್ಟಿ ಬಾ ಅಕ್ಕ.’ ಜನನದ ತಾರೀಖು ಸರಿಯಾಗಿಯೇ ಇತ್ತು. ಮರಣ ಎಂದು ಬರೆದಿದ್ದರ ಮುಂದೆ ಮಾತ್ರ ಏನೂ ಇರಲಿಲ್ಲ.

ನಮ್ಮ ಕಡೆ ಯಾರ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಹಾಕಿದರೂ ಕೆಳಗೆ ಹದಿನೈದು ಇಪ್ಪತ್ತು ಮುಖಗಳು ಜಾಗಕ್ಕಾಗಿ ನೂಕಾಡುತ್ತಿರುತ್ತವೆ. ಕೂಲಿಂಗ್ ಗ್ಲಾಸ್ ಹಾಕಿದವರು, ಕೈ ಮುಗಿದವರು, ಫೋನು ಕಿವಿಗಿಟ್ಟುಕೊಂಡವರು. ಸತ್ತವರ ಫ್ಲೆಕ್ಸಿನಲ್ಲೂ ಬದುಕಿರುವವರದೇ ಭರಾಟೆ. ಇದರಲ್ಲಿ ಒಂದು ಮುಖವೂ ಇರಲಿಲ್ಲ. ‘ಇಂತಿ, ಹಿತೈಷಿಗಳು’ ಅಷ್ಟೆ. ಅಷ್ಟು ದೊಡ್ಡ ಅಕ್ಷರದಲ್ಲಿ ನನ್ನನ್ನು ಸಾಯಿಸಲು ಧೈರ್ಯ ಮಾಡಿದ ಹೇಡಿಗಳಿಗೆ ತಮ್ಮ ಮುಖ ತೋರಿಸುವ ಧೈರ್ಯ ಬಂದಿರಲಿಲ್ಲ.

ಯಾಕೆ ಹಾಕಿದರು ಎಂದು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ನಾನು ಒಂದು ದಿನಪತ್ರಿಕೆಯ ತಾಲ್ಲೂಕು ವರದಿಗಾರ್ತಿ. ತೂಬಗೆರೆ ಕಡೆಯ ಒಂದು ಹಳ್ಳಿಯ ಕೆರೆಗೆ ಕತ್ತಲಾದ ಮೇಲೆ ಟ್ಯಾಂಕರುಗಳಲ್ಲಿ ಕಾರ್ಖಾನೆಯ ಹೊಲಸು ನೀರು ತಂದು ಸುರಿಯುತ್ತಿದ್ದಾರೆ ಎಂದು ಹಿಂದಿನ ವಾರ ಬರೆದಿದ್ದೆ. ಅದು ಮೊದಲ ಕಂತು. ಟ್ಯಾಂಕರು ಯಾರದು, ಅದರ ಹಿಂದೆ ನಿಂತವರು ಯಾರು ಎಂಬುದು ಎರಡನೆಯ ಕಂತಿನಲ್ಲಿತ್ತು. ಅದಕ್ಕೆ ಆಧಾರ ಒಬ್ಬ ಹೆಂಗಸು. ಕೆರೆಯಂಚಿನಲ್ಲೇ ಅವಳ ಮನೆ. ಆ ನೀರು ಕುಡಿದು ಅವಳ ಹಸು ಸತ್ತಿತ್ತು. ಊರವರೆಲ್ಲ ಟ್ಯಾಂಕರು ನೋಡಿದವರೇ, ಆದರೆ ಬಾಯಿ ಬಿಟ್ಟವಳು ಅವಳೊಬ್ಬಳು.

“ನನ್ ಹೆಸ್ರೂ ಹಾಕ್ಕೊಳಿ, ಫೋಟೊನೂ ಹಾಕ್ಕೊಳಿ ಅಕ್ಕ. ನಾನೇನ್ ಸುಳ್ಳು ಹೇಳ್ತಿದೀನಾ?” ಎಂದಿದ್ದಳು.

ಹೆಸರು ಕೊಡುವ ಸಾಕ್ಷಿ ಇದ್ದರೆ ಮಾತ್ರ ಟ್ಯಾಂಕರಿನವರ ಹೆಸರು ಹಾಕುತ್ತೇನೆ, ಇಲ್ಲದಿದ್ದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ನಮ್ಮ ಸಂಪಾದಕರು ಮೊದಲೇ ಹೇಳಿದ್ದರು. ಆ ಕಂತು ಭಾನುವಾರ ಬರಬೇಕಿತ್ತು. ಫ್ಲೆಕ್ಸ್ ಬಂದದ್ದು ಶುಕ್ರವಾರ.

ಗಂಡನ ಸ್ಕೂಟರಿನ ಹಿಂದೆ ಕೂತು ನೋಡಲು ಹೋದೆ. ನನ್ನ ಸಾವಿನ ಕೆಳಗೆ ಜನ ಆರಾಮಾಗಿ ಬಸ್ಸಿಗೆ ಕಾಯುತ್ತಿದ್ದರು. ಎದುರಿನ ಹೋಟೆಲಿನ ಟಿವಿಯಲ್ಲಿ ಯಾವುದೋ ದೇಶದ ಯುದ್ಧದ ಸುದ್ದಿ ಬರುತ್ತಿತ್ತು. ಎದೆಯ ಮೇಲೆ ಪ್ರೆಸ್ ಎಂದು ಬರೆದ ನೀಲಿ ಕವಚ ತೊಟ್ಟವನೊಬ್ಬನನ್ನು ನಾಲ್ಕು ಜನ ಎತ್ತಿಕೊಂಡು ಓಡುತ್ತಿದ್ದರು. ಅವನ ಕ್ಯಾಮೆರಾ ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ಹೋಟೆಲಿನವರು ನನಗೆ ಬಹಳ ವರ್ಷದ ಪರಿಚಯ. ಕಾಫಿ ಕೊಡುತ್ತಾ, “ಅಲ್ಲೆಲ್ಲಾ ನಿಮ್ಮೋರ್ಗೆ ಬಲೇ ಕಷ್ಟ ಬಿಡಿ ಮೇಡಂ, ನಮ್ ಕಡೆ ವಾಸಿ” ಎಂದರು. ಅವರ ಗಲ್ಲಾದ ಮುಂದೆ ನಿಂತರೆ ನನ್ನ ಫ್ಲೆಕ್ಸ್ ನೆಟ್ಟಗೆ ಕಾಣುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಕಾಫಿ ಅಲ್ಲೇ ಬಿಟ್ಟು ಎದ್ದು ಬಂದೆ.

ಠಾಣೆಯಲ್ಲಿ ಸಾಹೇಬರು ಗಂಡನ ಮೊಬೈಲು ತೆಗೆದುಕೊಂಡು ಫೋಟೊ ದೊಡ್ಡದು ಮಾಡಿ ನೋಡಿದರು.

“ಇದ್ರಲ್ಲಿ ಬೆದರಿಕೆ ಎಲ್ಲಿದೆ ಮೇಡಂ? ತಾರೀಖೇ ಹಾಕಿಲ್ವಲ್ಲ.”

“ತಾರೀಖು ಹಾಕದೇ ಇರೋದೇ ಬೆದರಿಕೆ ಅಲ್ವಾ ಸರ್?”

“ಹಂಗ್ ನೋಡಿದ್ರೆ ಶ್ರದ್ಧಾಂಜಲಿ ಅನ್ನೋದು ಗೌರವದ ಮಾತು. ಪರ್ಮಿಷನ್ ತಗೊಳ್ದೆ ಕಟ್ಟಿದಾರೆ, ಅದು ನಗರಸಭೆಗೆ ಬರುತ್ತೆ. ಅಲ್ಲಿ ಒಂದ್ ಅರ್ಜಿ ಕೊಡಿ.” ಆಮೇಲೆ ಕರುಣೆ ಉಕ್ಕಿ ಬಂದವರಂತೆ, “ಸುಳ್ಳು ಸಾವಿನ ಸುದ್ದಿ ಹಬ್ಬಿದ್ರೆ ಆಯಸ್ಸು ಗಟ್ಟಿಯಾಗುತ್ತೆ ಅಂತಾರೆ. ಒಳ್ಳೇದೇ ಆಯ್ತು ಅನ್ಕೊಳಿ” ಎಂದರು. ಹೊರಗೆ ನಿಂತಿದ್ದ ಪೇದೆಯೂ ಅದನ್ನೇ ಹೇಳಿದ. ಆವತ್ತು ಸಂಜೆಯೊಳಗೆ ಎಷ್ಟು ಜನ ನನ್ನ ಆಯಸ್ಸನ್ನು ಗಟ್ಟಿ ಮಾಡಿದರೋ ಲೆಕ್ಕವಿಲ್ಲ. ಒಬ್ಬನಾದರೂ, ಇದನ್ನು ಕಟ್ಟಿದ ನಾಯಿ ಯಾವುದು ಎಂದು ಕೇಳಲಿಲ್ಲ.

ಮನೆಗೆ ಬಂದರೆ ನಮ್ಮ ತಾಲ್ಲೂಕಿನದೇ ಆದ ಮಧುರೆಯಿಂದ ಅಮ್ಮ ಬಂದು ಬಾಗಿಲಲ್ಲಿ ಕೂತಿದ್ದಳು. ಯಾರೋ ಪುಣ್ಯಾತ್ಮರು ಅವಳ ಪಕ್ಕದ ಮನೆಯವರ ವಾಟ್ಸಾಪಿಗೆ ಫೋಟೊ ಕಳಿಸಿದ್ದರು. ನನ್ನ ಗಂಡ ಫೋನು ಮಾಡಿ ಹೇಳುವಷ್ಟರಲ್ಲಿ ಅವಳು ಬಸ್ಸು ಹತ್ತಿಯಾಗಿತ್ತು. ಸ್ಕೂಟರಿನಿಂದ ನಾನು ಇಳಿದದ್ದು ಕಂಡವಳು ಎದ್ದು ಬಂದು ನನ್ನ ಎರಡೂ ತೋಳು ಒತ್ತಿ ನೋಡಿದಳು. “ದಾರೀಲೆಲ್ಲ ನಿನ್ ಹೆಣ ನೋಡ್ಕೊಂಡ್ ಬಂದ್ನಲ್ಲೇ” ಎಂದಳು. ಆ ಹಿತೈಷಿಗಳ ಮೇಲೆ ನನಗೆ ನಿಜವಾದ ದ್ವೇಷ ಹುಟ್ಟಿದ್ದು ಆಗಲೇ. ಈಗಲೂ ಇದೆ, ಮುಚ್ಚಿಡುವುದಿಲ್ಲ.

ನಗರಸಭೆಯವರು ಸೋಮವಾರ ನೋಡೋಣ ಎಂದರು. ಸೋಮವಾರದವರೆಗೆ ನಾನು ಸತ್ತುಕೊಂಡು ಇರಬೇಕಿತ್ತು! ಶನಿವಾರ ಬೆಳಿಗ್ಗೆ ನಾನೇ ಹೋಗಿ ಏಣಿ ಕೇಳಿದೆ. ಕೊಡಲು ಅಂಗಡಿಯವರೆಲ್ಲ ಹಿಂದೆ ಮುಂದೆ ನೋಡಿದರು. ಸತ್ತವರ ಫ್ಲೆಕ್ಸು ತೆಗೆಯಬಾರದು ಎಂದು ಒಬ್ಬರು ಶಾಸ್ತ್ರವನ್ನೂ ಹೇಳಿದರು. ಕೊನೆಗೆ ಟಾರ್ಪಾಲು ಅಂಗಡಿಯ ಸಾಬರು, “ಲೇಕೆ ಜಾವ್ ಬೇಟಾ, ತಗೊಂಡೋಗಮ್ಮ” ಎನ್ನುತ್ತಾ ಏಣಿಯನ್ನು ತಾವೇ ಹೊತ್ತು ತಂದು ಒರಗಿಸಿ, ಕೆಳಗೆ ಗಟ್ಟಿಯಾಗಿ ಹಿಡಿದುಕೊಂಡರು. ಗಂಡ ಹತ್ತುತ್ತೇನೆ ಎಂದರೂ ಬಿಡದೆ ನಾನೇ ಹತ್ತಿ ದಾರ ಕೊಯ್ದೆ. ಬಸ್ಸಿಗೆ ಕಾಯುತ್ತಿದ್ದವರು ತಲೆಯೆತ್ತಿ ನೋಡಿ, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರು.

ಮಧ್ಯಾಹ್ನ ಕೆರೆಯಂಚಿನ ಹೆಂಗಸಿನ ಫೋನು ಬಂತು.

“ಅಕ್ಕ, ಉಸಾರಾಗಿದೀರಾ?”

“ಇದೀನಿ ಕಣಮ್ಮ.”

“ನಮ್ಮೂರಲ್ಲಿ ಎಲ್ರ ಮೊಬೈಲಲ್ಲೂ ನಿಮ್ ಫೋಟೊನೇ ಅಕ್ಕ. ಬಸ್ಸಿಳ್ದೋರೆಲ್ಲ ನೋಡ್ಕೊಂಡ್ ಬಂದವ್ರೆ. ಪೇಪರ್ನೋರ್ಗೇ ಇಂಗ್ ಮಾಡಿದ್ಮೇಲೆ ನಾವ್ಯಾವ್ ಲೆಕ್ಕ? ಎರಡ್ ಹೆಣ್ಮಕ್ಳವ್ರೆ ನಂಗೆ. ನನ್ ಹೆಸ್ರು ತೆಗ್ದಾಕ್ಬಿಡಿ ಅಕ್ಕ. ಬೇಜಾರ್ ಮಾಡ್ಕೋಬೇಡಿ.”

ಹಳ್ಳಿ ಬಸ್ಸುಗಳು ಬಂದು ನಿಲ್ಲುವ ಜಾಗಕ್ಕೇ ಹುಡುಕಿ ಯಾಕೆ ಕಟ್ಟಿದ್ದರು ಎಂಬುದು ನನಗೆ ಆಗ ಹೊಳೆಯಿತು. ನಾನು ಹೆದರಿದರೆಷ್ಟು, ಬಿಟ್ಟರೆಷ್ಟು, ಅವರಿಗೆ ಬೇಕಾಗಿದ್ದವಳು ಇವಳು. ಆಯ್ತು ಕಣಮ್ಮ ಎಂದು ಫೋನಿಟ್ಟೆ. ಅವಳ ಮೇಲೆ ನನಗೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ಸಂಪಾದಕರ ಜೊತೆ ಮಾತ್ರ ಗಂಟಲು ಹರಿಯುವಂತೆ ಜಗಳವಾಡಿದೆ. ನನ್ನ ಹೆಸರಲ್ಲೇ ಹಾಕಿ, ಕೋರ್ಟಿಗೆ ನಾನೇ ಬರುತ್ತೇನೆ ಎಂದೆ.

“ನೀವು ಕಣ್ಣಾರೆ ಕಂಡಿದೀರೇನಮ್ಮಾ?” ಎಂದರು.

ನಾನು ಕಂಡಿರಲಿಲ್ಲ. ಕಂಡವಳು ಅವಳು.

ಭಾನುವಾರ ಆ ಜಾಗದಲ್ಲಿ ಅನಧಿಕೃತ ಫ್ಲೆಕ್ಸುಗಳ ಹಾವಳಿ ಎಂಬ ನಾಲ್ಕು ಸಾಲಿನ ಸುದ್ದಿ ಬಂತು. ಅದರಲ್ಲಿ ಕೆರೆಯೂ ಇರಲಿಲ್ಲ, ನಾನೂ ಇರಲಿಲ್ಲ. ಸದ್ಯ ನಿಮಗೇನೂ ಆಗಲಿಲ್ಲವಲ್ಲ ಎಂದು ಇವತ್ತಿಗೂ ಎದುರಾದವರು ಹೇಳುತ್ತಾರೆ. ಏನೂ ಆಗಲಿಲ್ಲವಂತೆ! ಕೆರೆಯ ಹೆಸರನ್ನು ಇಲ್ಲಿ ಬರೆಯಲೂ ನನ್ನಿಂದ ಆಗುತ್ತಿಲ್ಲ, ಬರೆದರೆ ಅವಳ ಮನೆ ಯಾವುದೆಂದು ಗೊತ್ತಾಗುತ್ತದೆ.

ಹೋದ ತಿಂಗಳು ಅವಳೇ ಫೋನು ಮಾಡಿದ್ದಳು. ಟ್ಯಾಂಕರು ಈಗ ಹಗಲಲ್ಲೇ ಬರುತ್ತದಂತೆ. ಬಿಸಿಲಿಗೆ ಬಾಯಾರಿದಾಗ ಡ್ರೈವರು ಅವಳ ಮನೆ ಮುಂದೆಯೇ ಗಾಡಿ ನಿಲ್ಲಿಸಿ ಕುಡಿಯಲು ನೀರು ಕೇಳುತ್ತಾನಂತೆ. ಅವಳು ಒಳಗಿನಿಂದ ಚೊಂಬಿನಲ್ಲಿ ತಂದು ಕೊಡುತ್ತಾಳಂತೆ.