ಚಟ್ನಿಪುಡಿಯೊಳಗಿನ ಓಲೆ

ಗುಂಡ್ಲುಪೇಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕನಿಗೆ ಬಲಗಿವಿಯ ಹಾಲೆ ಹರಿದಿತ್ತು; ಓಲೆ ಎಡಗಿವಿಗೆ ಮಾತ್ರ. ತೆರಕಣಾಂಬಿಯಿಂದ ಬೆಣ್ಣೆ ಮಾರಲು ಬಂದವಳಾಗಲಿ, ಬಸ್ಸಿಳಿದು ದಾರಿ ಕೇಳುವವಳಾಗಲಿ, ಆ ಹರಿದ ಕಿವಿ ಸವರಿಕೊಳ್ಳುತ್ತ ಅಕ್ಕ ಮೊದಲು ಕೇಳುತ್ತಿದ್ದದ್ದು ಒಂದೇ: “ನಿನ್ನ ಎಸ್ರೇನವ್ವ?”

ಐವತ್ತರ ದಶಕದಲ್ಲಿ ನನ್ನ ಗಂಡನಿಗೆ ಸಿಂಗಪುರದಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಬೀದಿಗೊಂದು ಪುಂಡರ ಗುಂಪಿದೆ, ಒಡವೆ ಕಿತ್ತುಕೊಳ್ಳುತ್ತಾರೆ ಎಂದು ನೆಂಟರೆಲ್ಲ ಹೆದರಿಸಿದರು. ಹೊರಡುವ ಮುನ್ನಾದಿನ ನಾನು ಓಲೆ ಬಿಚ್ಚಿ ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬದಲ್ಲಿ ಹುದುಗಿಸುತ್ತಿದ್ದಾಗ ಅಕ್ಕ ಬಂದರು. ಹಿಂದೆ ರಂಗೂನಿನಲ್ಲಿ ಸಂಸಾರ ಮಾಡಿದ್ದವರು ಅವರು. ಅವರನ್ನೇ ಕೇಳಿದೆ.

“ಪುಂಡರಿಗೆ ಹೆದರಬೇಕೇನಕ್ಕ?”

“ಎದ್ರುಬೇಕು ಕಣಮ್ಮಿ. ನನ್ನ ಓಲೆ ಕಿತ್ಕೊಂಡೋನು ಅಂಥೋನೇ ಒಬ್ಬ. ಅಲ್ಲೀಗಂಟ ನಾನು ಬಾಗ್ಲು ಹಾಕ್ಕೊಂಡೇ ಬದುಕಿದ್ದೆ. ಅವತ್ತು ಎದುರುಮನೆ ಬರ್ಮಾದೋಳು ಓಡ್ಬಂದು ಕಿವಿಗೆ ಬಟ್ಟೆ ಒತ್ತಿ ಇಡ್ಕೊಂಡ್ಲು. ಅವಳ ಎಸ್ರೂ ನಂಗೆ ಗೊತ್ತಿರ್ನಿಲ್ಲ. ಆಮೇಕೆ ಅವಳ ಜೊತೇಲೇ ಬೀದಿಗೆ ಓಯ್ತಿದ್ದೆ.”

ಅಕ್ಕ ಪುಡಿಯನ್ನು ಮೊರಕ್ಕೆ ಸುರಿದು, ಓಲೆಗಳನ್ನು ಹೆಕ್ಕಿ, ಸೆರಗಿನಿಂದ ಒರೆಸಿ ನನ್ನ ಅಂಗೈಯಲ್ಲಿಟ್ಟರು. ಪುಡಿಯನ್ನು ಮತ್ತೆ ಡಬ್ಬಕ್ಕೆ ತುಂಬಿದರು.

“ಓಲೆ ನಿಮ್ಮವ್ವನತ್ರ ಇರ್ಲಿ. ಈ ಪುಡೀನ ಅಲ್ಲಿ ಅಕ್ಕಪಕ್ಕದೋರ್ಗೆ ಕೊಡು, ಎಸ್ರು ಕೇಳು.”

ಸಿಂಗಪುರದಲ್ಲಿ ಆ ಡಬ್ಬ ಹದಿನೈದು ದಿನದಲ್ಲಿ ಖಾಲಿಯಾಯಿತು. ಆರು ಮನೆಯವರ ಹೆಸರು ಕಲಿತೆ ಎಂದು ಅಕ್ಕನಿಗೆ ಕಾಗದ ಬರೆದು ಲಕೋಟೆ ಅಂಟಿಸಿದೆ. ಮೇಲೆ ವಿಳಾಸ ಬರೆಯಲು ಹೊರಟಾಗ ತಿಳಿಯಿತು, ಅಕ್ಕನ ಹೆಸರನ್ನು ನಾನು ಎಂದೂ ಕೇಳಿರಲಿಲ್ಲ.